ಗುಂಡಿಯ ತಳದಲ್ಲಿ ನಿಂತುಹೋದ ಬಕೆಟ್

ನನ್ನದು ಹಳೆಯ ಬ್ಯಾಕ್‌ಹೋ ಗಾಡಿ. ಮುಂದೆ ಮಣ್ಣು ತಳ್ಳುವ ಅಗಲದ ಬಕೆಟ್, ಹಿಂದೆ ಗುಂಡಿ ತೋಡುವ ಉದ್ದನೆಯ ತೋಳು. ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮ ಬೀದಿಯ ತಿರುವಿನಲ್ಲೇ ಅದನ್ನು ನಿಲ್ಲಿಸುತ್ತಿದ್ದೆ. ನನ್ನ ಅಕ್ಕನ ಗಂಡ ಪೈಪ್ ಹೂಳುವ ಕೆಲಸದವರು. ನಾನು ತೋಡುವುದು, ಭಾವ ಗುಂಡಿಗಿಳಿದು ಪೈಪ್ ಕೂರಿಸುವುದು, ಹೀಗೆ ಇಬ್ಬರೂ ಜೊತೆಗೇ ಕೆಲಸ ಹಿಡಿಯುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ಗಾಡಿಯ ಬಲ ಕುಂದತೊಡಗಿತು. ಬೆಳಿಗ್ಗೆ ಏನೂ ತೊಂದರೆ ಇರುತ್ತಿರಲಿಲ್ಲ. ಬಿಸಿಲೇರಿ ಹೈಡ್ರಾಲಿಕ್ ಎಣ್ಣೆ ಕಾದ ಮೇಲೆ ಪಂಪ್ ಕೀರಲು ದನಿಯಲ್ಲಿ ಕೂಗುತ್ತಿತ್ತು, ತೋಳು ಮಣ್ಣು ಎತ್ತಲಾರದೆ ನಡುವಲ್ಲೇ ನಿಲ್ಲುತ್ತಿತ್ತು. ಎಣ್ಣೆಯ ಮಟ್ಟ ಸರಿಯಿತ್ತು. ಫಿಲ್ಟರ್ ಬದಲಿಸಿದೆ, ವಾಲ್ವ್ ಬಿಚ್ಚಿಸಿ ತೊಳೆಸಿದೆ, ಪೈಪುಗಳನ್ನೆಲ್ಲ ಬಟ್ಟೆಯಲ್ಲಿ ಒರೆಸಿ ಸೋರಿಕೆ ಹುಡುಕಿದೆ. ಒಬ್ಬ ಮೆಕ್ಯಾನಿಕ್ ಪಂಪೇ ಹೋಗಿದೆ ಎಂದ. ಇನ್ನೊಬ್ಬ ಬಂದು ನೋಡಿ, ಪಂಪಿಗೆ ಏನೂ ಆಗಿಲ್ಲ ಎಂದ.

"ಬಿಸಿಲಿಗೆ ಮುಂಚೆ ಕೆಲಸ ಮುಗಿಸೋಣ ಬಿಡು," ಎಂದರು ಭಾವ.

ಭದ್ರಾವತಿಯ ಹಳೇ ನಗರದ ಒಂದು ಓಣಿಯಲ್ಲಿ ಚರಂಡಿ ಪೈಪಿನ ಕೆಲಸವಿತ್ತು. ಆಳುದ್ದದ ಗುಂಡಿ. ಆವತ್ತು ನಡುವೆ ಕಲ್ಲು ಸಿಕ್ಕಿ ಹೊತ್ತಾಯಿತು. ತೋಳು ಸೋಲತೊಡಗಿದಾಗ ಬಕೆಟನ್ನು ತಳಕ್ಕೆ ಊರಿ ಬಿಟ್ಟೆ. ಅದರ ಪಕ್ಕದಲ್ಲೇ ಭಾವ ಸಿಮೆಂಟ್ ಪೈಪನ್ನು ಸರಿಮಾಡುತ್ತಿದ್ದರು.

ಎಡಗಡೆಯ ಮಣ್ಣು ಸದ್ದಿಲ್ಲದೆ ಜಾರಿತು. ನಾನು ನೋಡುವಷ್ಟರಲ್ಲಿ ಭಾವ ತೊಡೆಯವರೆಗೆ ಹೂತುಹೋಗಿದ್ದರು. ಮಣ್ಣು ನೂಕಿದ ರಭಸಕ್ಕೆ ಪೈಪ್ ಸರಿದು, ಅವರ ಪಾದ ಪೈಪಿಗೂ ಬಕೆಟಿಗೂ ನಡುವೆ ಸಿಕ್ಕಿಬಿದ್ದಿತ್ತು.

"ಬಕೆಟ್ ಎತ್ತೋ. ಕಾಲು, ನನ್ನ ಕಾಲು," ಎಂದರು.

ಲಿವರ್ ಎಳೆದು ಆಕ್ಸಿಲರೇಟರ್ ಪೂರ್ತಿ ಕೊಟ್ಟೆ. ಪಂಪ್ ಕಿರುಚಿತು. ಬಕೆಟ್ ಅಲುಗಲಿಲ್ಲ. ಗಾಡಿಯ ಭಾರ ಹೊತ್ತ ಕಬ್ಬಿಣದ ಕಾಲಿನ ಬುಡದಲ್ಲಿ ನೆಲ ಬಿರುಕು ಬಿಡುತ್ತಿತ್ತು. ಎಂಜಿನ್ ಅದುರಿದಂತೆಲ್ಲ ಬಿರುಕು ಅಗಲವಾಗುತ್ತಿರುವುದು ಕೂತಲ್ಲಿಂದಲೇ ಕಾಣುತ್ತಿತ್ತು. ಆ ಅಂಚು ಕುಸಿದರೆ ಗಾಡಿ ನೇರ ಭಾವನ ಮೇಲೆ. ಕಿವಿಯಲ್ಲಿ ಗುಂಯ್ ಎನ್ನುವುದೊಂದೇ ಕೇಳುತ್ತಿತ್ತು. ಓಣಿಯ ಹೆಂಗಸೊಬ್ಬರು ಏನೋ ಹೇಳುತ್ತಿದ್ದರು, ಅವರ ತುಟಿ ಆಡುವುದಷ್ಟೇ ನೆನಪಿದೆ.

"ಎಂಜಿನ್ ಕಮ್ಮಿ ಮಾಡು ಮಾರಾಯ. ಮಣ್ಣು ಬೀಳ್ತಾ ಇದೆ," ಭಾವ ಕೂಗಿದರು. ಅವರು ಅಳುತ್ತಿದ್ದರು.

ಆಕ್ಸಿಲರೇಟರ್ ಬಿಟ್ಟೆ. ಲಿವರ್ ಬಿಡಲು ಮಾತ್ರ ಕೈ ಬರಲಿಲ್ಲ, ಹೆದರಿಕೆಗೆ ಬೆರಳುಗಳು ಹಾಗೇ ಮರಗಟ್ಟಿದ್ದವು. ಎಂಜಿನ್ ತಣ್ಣಗೆ ಗುಡುಗುಡು ಅನ್ನತೊಡಗಿತು, ಪಂಪಿನ ಕೂಗು ನಿಂತಿತು. ಆಗ ಬಕೆಟ್ ಅಲುಗಿತು. ನಂಬಲಾಗದಷ್ಟು ನಿಧಾನವಾಗಿ ಮೇಲೇಳತೊಡಗಿತು. ವೇಗ ಕೊಡಬೇಕೆಂದು ಮೈಯೆಲ್ಲ ತುಡಿಯುತ್ತಿದ್ದರೂ ಕಾಲನ್ನು ಪೆಡಲಿನಿಂದ ದೂರವೇ ಇಟ್ಟುಕೊಂಡೆ.

ಪಾದ ಬಿಡುಗಡೆಯಾಗುತ್ತಲೇ ಎಂಜಿನ್ ಆರಿಸಿದೆ. ಓಣಿಯವರು ಆಚೆ ಬದಿಯಿಂದ ಹಗ್ಗ ಬಿಟ್ಟು, ಮಣ್ಣು ಕೆದರಿ ಅವರನ್ನು ಎಳೆದುಕೊಂಡರು. ಪಾದದ ಎರಡು ಮೂಳೆ ಮುರಿದಿದ್ದವು. ಉಳಿದಂತೆ ಪಾರಾಗಿದ್ದರು. ನಾನು ಗಾಡಿಯಿಂದ ಇಳಿದೆ. ಚಕ್ರ ಹಿಡಿದುಕೊಂಡು ನೆಲದಲ್ಲೇ ಕುಳಿತೆ.

ಎಂಜಿನ್ ಜೋರು ಮಾಡಿದರೆ ಸೋಲುತ್ತದೆ, ತಗ್ಗಿಸಿದರೆ ಎತ್ತುತ್ತದೆ ಎಂದು ಶಿವಮೊಗ್ಗದ ವರ್ಕ್‌ಶಾಪಿನಲ್ಲಿ ಹೇಳಿದೆ. ಅಲ್ಲಿಯವರು ಟ್ಯಾಂಕಿನಿಂದ ಪಂಪಿಗೆ ಎಣ್ಣೆ ಒಯ್ಯುವ ದಪ್ಪ ರಬ್ಬರ್ ಪೈಪನ್ನು ಬಿಚ್ಚಿ ಉದ್ದಕ್ಕೆ ಸೀಳಿದರು. ಹೊರಗೆ ಒಂದು ಗೀರೂ ಇರಲಿಲ್ಲ. ಒಳಪದರ ಕಿತ್ತು ನಾಲಗೆಯಂತೆ ಜೋತುಬಿದ್ದಿತ್ತು. ಎಣ್ಣೆ ಕಾದರೆ ಅದು ಮೆತ್ತಗಾಗುತ್ತಿತ್ತು. ಪಂಪ್ ಜೋರಾಗಿ ಹೀರಿದರೆ ದಾರಿಗೆ ಅಡ್ಡ ಬೀಳುತ್ತಿತ್ತು. ಮೊಣಕೈ ಉದ್ದದ ಹೊಸ ಪೈಪ್ ಹಾಕಿದ ಮೇಲೆ ಗಾಡಿ ನಡುಮಧ್ಯಾಹ್ನವೂ ಬೆಳಗಿನಂತೆಯೇ ದುಡಿಯಿತು.

ಮೂಳೆ ಕೂಡಿದ ಮೇಲೆ ಭಾವ ಮತ್ತೆ ಗುಂಡಿಗಿಳಿದರು. ನಾನು ಎರಡೂ ಬದಿಗೆ ಹಲಗೆ ಕೊಟ್ಟು, ತೋಳನ್ನು ಪೂರ್ತಿ ಆಚೆ ತಿರುಗಿಸಿ ನಿಲ್ಲಿಸಿದ್ದೆ. ಆ ದಿನ ಗೋಪಾಳ ಬಡಾವಣೆಯ ತಮ್ಮ ಮನೆಯಿಂದ ಅಕ್ಕನೂ ಬಂದಿದ್ದಳು. "ನೆರಳಿಗೆ ಹೋಗಿ ಕೂತ್ಕೋ ಅಕ್ಕ," ಎಂದೆ.

"ನೀನು ನಿನ್ ಕೆಲಸ ನೋಡು. ನಾನಿಲ್ಲೇ ಇರ್ತೀನಿ," ಎಂದಳು.

ಭಾವ ಮೇಲೆ ಬರುವವರೆಗೂ ಅವಳು ಗುಂಡಿಯಿಂದ ಕಣ್ಣು ತೆಗೆಯಲಿಲ್ಲ. ನಾನೂ ಅಷ್ಟೆ.