ಜರ್ಮನಿ ದಾಟಿದ್ದರೆ

ಫುಟ್ಬಾಲ್ ವಿಶ್ವಕಪ್ಪಿನ ಗುಂಪು ಹಂತದ ಮೇಲೆ ನಾನು ಬಾಜಿ ಕಟ್ಟಿದ್ದು ಒಂದೇ ಸಲ. ಎದುರಾಳಿ ನನ್ನ ಸೋದರಮಾವ, ಆಂಧ್ರದ ಗಡಿಯೂರು ಆದೋನಿಯ ಹತ್ತಿ ದಲ್ಲಾಳಿ. ನಾನು ಗೆದ್ದರೆ ಮಾಮ ಐದು ವರ್ಷಗಳ ಮೇಲೆ ನಮ್ಮ ಮನೆಗೆ ಬಂದು ಅವ್ವನ ಕೈಯ ಊಟ ಮಾಡಬೇಕು. ಸೋತರೆ ಆ ಮಾತನ್ನು ನಾನು ಅವನ ಮುಂದೆ ಮತ್ತೆಂದೂ ಎತ್ತಬಾರದು. ನಾನು ಜರ್ಮನಿಯನ್ನು ಹಿಡಿದೆ. ಫುಟ್ಬಾಲ್ ನೋಡುವವರಿಗೆ ಮುಂದೇನಾಯಿತೆಂದು ಗೊತ್ತು. ಆದರೆ ಅವರಿಗೆ ಗೊತ್ತಿರುವುದು ಜರ್ಮನಿಯ ಕಥೆ ಮಾತ್ರ.

ಅಣ್ಣ ತಂಗಿಯ ಜಗಳಕ್ಕೆ ಕಾರಣ ಒಂದು ತಾಸು. ನಾನು ಹತ್ತನೇ ತರಗತಿಯಲ್ಲಿದ್ದಾಗ ಅಜ್ಜಿ ಆದೋನಿಯಲ್ಲಿ, ಮಾಮನ ಮನೆಯಲ್ಲಿ ತೀರಿಕೊಂಡಳು. ಮೇಷ್ಟ್ರಾಗಿದ್ದ ಅಪ್ಪನಿಗೆ ಆಗ ಮದ್ದಿಕೇರದ ಶಾಲೆ. ಸುದ್ದಿ ಸಿಕ್ಕ ಕೂಡಲೇ ಹೊರಟೆವು, ಆದರೆ ರೈಲು ನಡುವೆ ನಿಂತುಬಿಟ್ಟಿತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಹಿರಿಯರು ಅವಸರ ಮಾಡಿದರು, ಮಾಮ ಒಪ್ಪಿಕೊಂಡ. ನಾವು ಒಳಗೆ ಕಾಲಿಡುವಾಗ ಅಂಗಳ ತೊಳೆಯುತ್ತಿದ್ದರು. ಅವ್ವ ಅಳಲಿಲ್ಲ. ಅಷ್ಟೂ ಜನರ ಮುಂದೆ ನಿಂತು ಕೇಳಿದಳು:

"ಒಂದು ತಾಸು ತಡೀಲಿಕ್ಕೆ ಆಗಲಿಲ್ಲೇನಣ್ಣಾ? ಅವ್ವನ ಮುಖ ಒಂದು ಸಲ ತೋರಸಲಿಲ್ಲ ನೀನು. ಇನ್ನ ನನ್ನ ಮನಿಗೆ ಬರಬ್ಯಾಡ."

"ನೀ ಕರಿಯೋ ತನಕ ಬರಂಗಿಲ್ಲ ಬಿಡು," ಎಂದ ಮಾಮ.

ಇಷ್ಟೇ. ಮರುವರ್ಷ ಅಪ್ಪನಿಗೆ ಆದೋನಿಗೇ ವರ್ಗವಾಯಿತು. ಮಾಮನ ಅಂಗಡಿಗೂ ನಮ್ಮ ಬಾಡಿಗೆ ಮನೆಗೂ ಆಟೋದಲ್ಲಿ ಹತ್ತು ನಿಮಿಷ. ಪಂಚಮಿಗೆ ಮಾಮ ಅವ್ವನಿಗೆ ಸೀರೆ ಕಳಿಸುತ್ತಿದ್ದ, ನನ್ನ ಕೈಲಿ. ಅವ್ವ ಶೇಂಗಾ ಹೋಳಿಗೆ ಕಳಿಸುತ್ತಿದ್ದಳು, ಅದೂ ನನ್ನ ಕೈಲಿ. ಸೀರೆಯನ್ನು ಅವ್ವ ಅದೇ ದಿನ ಉಡುತ್ತಿದ್ದಳು. ಹೋಳಿಗೆಯನ್ನು ಮಾಮ ನಾನು ಅಂಗಡಿಯ ಮೆಟ್ಟಿಲು ಇಳಿಯುವುದರೊಳಗೆ ತಿಂದು ಮುಗಿಸುತ್ತಿದ್ದ. ಅವಳು ಕರೆಯಲಿಲ್ಲ, ಇವನು ಬರಲಿಲ್ಲ.

ನಾನು ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ತೆಲುಗಿನಲ್ಲಿ ವೇದಿಕೆಯ ಮೇಲೆ ಗೆದ್ದು, ಕನ್ನಡದಲ್ಲಿ ಮನೆಯೊಳಗೆ ಸೋಲುವವಳು. ಅವ್ವನ ಮುಂದೆ ವಾದಿಸಿದ್ದೇನೆ: ತಪ್ಪು ರೈಲಿನದು, ಮಾಮನದಲ್ಲ. ಮಾಮನ ಮುಂದೆಯೂ ವಾದಿಸಿದ್ದೇನೆ: ದುಃಖದಲ್ಲಿ ಆಡಿದ ಮಾತನ್ನು ತೀರ್ಪು ಅಂತ ಹಿಡಿಯುವುದು ಯಾವ ನ್ಯಾಯ? ಇಬ್ಬರೂ ನಾನು ಹೇಳಿದ್ದು ಸರಿ ಎಂದು ತಲೆಯಾಡಿಸುತ್ತಿದ್ದರು. ತಲೆಯಾಡಿಸಿ ಅಲ್ಲೇ ಕೂತಿರುತ್ತಿದ್ದರು. ಕಡೆಗೆ ನನಗೆ ಹೊಳೆದದ್ದು ಇಷ್ಟು: ಇವರಿಗೆ ಬೇಕಾದದ್ದು ವಾದವಲ್ಲ, ನೆವ. ಬಗ್ಗಿದೆ ಅನ್ನಿಸಿಕೊಳ್ಳದೆ ಬಾಗಿಲಿಗೆ ಬರಲು ಮಾಮನಿಗೆ ಒಂದು ನೆವ.

ಆ ಸಲ ವಿಶ್ವಕಪ್ ಚಳಿಗಾಲದಲ್ಲಿ, ಹತ್ತಿಯ ಸುಗ್ಗಿಯಲ್ಲೇ ಬಂತು. ಮಾರ್ಕೆಟ್ ಯಾರ್ಡಿನಲ್ಲಿ ಈಗ ಧಾರಣೆ ಕಂಪ್ಯೂಟರಿನಲ್ಲಿ ತೀರ್ಮಾನವಾಗುತ್ತದೆ. ಆದರೆ ಮಾಮನ ವಯಸ್ಸಿನ ದಲ್ಲಾಳಿಗಳ ಹೆಗಲಿನಿಂದ ಟವೆಲ್ ಇಳಿದಿಲ್ಲ. ಹಿಂದೆ ವ್ಯಾಪಾರವೆಲ್ಲ ಅದರ ಕೆಳಗೇ ನಡೆಯುತ್ತಿತ್ತಂತೆ. ಕೊಳ್ಳುವವನ ಕೈ, ಮಾರುವವನ ಕೈ, ಮೇಲೆ ಬಟ್ಟೆ. ಹಿಡಿದ ಬೆರಳುಗಳೇ ದರ, ಸುತ್ತ ನಿಂತವರಿಗೆ ಏನೂ ತಿಳಿಯದು. ಪೂರಾ ಅಂಗೈ ಹಿಡಿದು ಅದುಮಿದರೆ ವ್ಯಾಪಾರ ಮುಗಿಯಿತು. ಚೀಟಿಯಿಲ್ಲ, ಸಾಕ್ಷಿಯಿಲ್ಲ, ಹಿಂದೆ ಸರಿಯುವಂತಿಲ್ಲ. ಕೆಲಸವಿಲ್ಲದೆ ಕೂತಿದ್ದ ಆ ವಿದ್ಯೆಗೆ ವಿಶ್ವಕಪ್ ಮತ್ತೆ ಕೆಲಸ ಕೊಟ್ಟಿತು. ಗುಂಪಿಗೆ ನಾಲ್ಕು ತಂಡ, ಮುಂದಿನ ಹಂತಕ್ಕೆ ದಾಟುವುದು ಎರಡು. ಪೇಪರಿನಲ್ಲಿ ಹಾಕಿದ ಕ್ರಮದಲ್ಲೇ ತೋರುಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದು. ಹೆಬ್ಬೆರಳು ಅಂದರೆ ಡ್ರಾ. ಸೋತವರು ಆ ಸಾಲಿನ ಅಂಗಡಿಗಳಿಗೆಲ್ಲ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಬಜ್ಜಿ ತರಿಸಬೇಕು. ಆಫ್‌ಸೈಡ್ ಅಂದರೇನು ಎಂದು ಗೊತ್ತಿಲ್ಲದವರು ಕೋಸ್ಟರಿಕಾದ ಬೆರಳು ಹಿಡಿದು ಗಂಭೀರವಾಗಿ ಕೂರುತ್ತಿದ್ದರು.

ಟೂರ್ನಿ ಶುರುವಾದ ಮರುದಿನ ನಾನು ಮಾಮನ ಎದುರು ಹೋಗಿ ಕೂತೆ.

"ಮಾಮ, ನನ್ನ ಜೊತಿ ಬಾಜಿ ಕಟ್ತೀಯಾ?"

"ಒಗ್ಗಾಣಿ ತಿನ್ನಬೇಕು ಅನ್ನಿಸಿದ್ರ ಹಂಗ ಕೇಳು ಸೊಸಿ, ತರಸ್ತೀನಿ."

"ಒಗ್ಗಾಣಿ ಅಲ್ಲ. ಸೋತ್ರ ನೀನು ನಮ್ಮ ಮನಿಗೆ ಬರಬೇಕು. ಊಟಕ್ಕ."

ಪಕ್ಕದ ಅಂಗಡಿಯ ದಲ್ಲಾಳಿ, ಮಾಮನ ಹಳೆಯ ಗೆಳೆಯ, ಅಲ್ಲೇ ಕೂತು ಬೀಡಿ ಸೇದುತ್ತಿದ್ದ. ಬೀಡಿ ತೆಗೆದು ನಕ್ಕ. "ಏಂ ಬಾವಾ, ಕೋಡಲು ಗಟ್ಟಿದೇ! ಸೊಸಿ ಗಟ್ಟಿಗಿತ್ತಿ ಅದಾಳ. ಹಿಡಿ ಹಿಡಿ, ಹೆದರಬ್ಯಾಡ."

ಮಾಮ ನಗಲಿಲ್ಲ. ಗುಟುಕು ಗುಟುಕಾಗಿ ಚಹಾ ಮುಗಿಸಿದ. "ನಾ ಗೆದ್ರ?"

"ಗೆದ್ರ ಇನ್ನ ಮುಂದ ಈ ಮಾತು ನಾ ಎತ್ತಂಗಿಲ್ಲ. ಎಂದೂ."

"ನೀನು? ಸುಮ್ಮನಿರ್ತಿ?" ಗೆಳೆಯನ ಕಡೆ ತಿರುಗಿದ. "ಕೇಳಿದೇನಪಾ, ಲಾಯರಮ್ಮ ಬಾಯಿ ಮುಚ್ಚತಾಳಂತ!"

ಹೆಗಲಿನ ಟವೆಲ್ ತೆಗೆದು ನಮ್ಮಿಬ್ಬರ ಕೈಗಳ ಮೇಲೆ ಹಾಕಿದ. ಸ್ಪೇನ್, ಕೋಸ್ಟರಿಕಾ, ಜರ್ಮನಿ, ಜಪಾನ್ ಇದ್ದ ಗುಂಪು. ನಾನು ಅವನ ಉಂಗುರದ ಬೆರಳು ಹಿಡಿದೆ. ನಾಲ್ಕು ಸಲ ಕಪ್ ಗೆದ್ದ ಜರ್ಮನಿ ಗುಂಪು ದಾಟುತ್ತದೆ ಎಂಬುದು ನನ್ನ ಮಾತು. ದಾಟುವುದಿಲ್ಲ ಎಂಬ ಮಾತು ಅವನ ಪಾಲಿಗೆ ಉಳಿಯಿತು. ಸೋಲೇ ಖಾತ್ರಿ ಇದ್ದ ಪಾಲು. ಚರ್ಚೆಯಲ್ಲಿ ನಮಗೆ ಹೇಳಿಕೊಟ್ಟದ್ದೇ ಅದು, ಆಯ್ಕೆ ನಿನ್ನದಾಗಿದ್ದರೆ ಗೆಲ್ಲುವ ಪಕ್ಷ ತಗೋ ಅಂತ.

"ಬಲು ಸುಲಭದ್ದು ಹಿಡದಿ," ಎಂದ ಮಾಮ. ನನ್ನ ಅಂಗೈ ಪೂರಾ ಹಿಡಿದು ಅದುಮಿದ.

ಮರುದಿನ ಮಧ್ಯಾಹ್ನವೇ ಸೌದಿ ಅರೇಬಿಯಾ ಅರ್ಜೆಂಟೀನಾವನ್ನು ಸೋಲಿಸಿತು. ಅದು ಅಪವಾದ ಎಂದೆ. ಅಪವಾದಗಳು ಒಂದರ ಹಿಂದೆ ಇನ್ನೊಂದು ಬರಬಹುದು ಎಂದು ಎದುರು ತಂಡ ಹೇಳಿದ್ದರೆ ಒಂದೇ ನಿಮಿಷದಲ್ಲಿ ಬಾಯಿ ಮುಚ್ಚಿಸುತ್ತಿದ್ದೆ.

ಅದರ ಮರುದಿನ ಸಂಜೆ ಜರ್ಮನಿ, ಜಪಾನ್. ಮಾಮ ಅಂಗಡಿಯ ಕೌಂಟರಿನ ಮೇಲೆ ಫೋನನ್ನು ಹತ್ತಿಯ ಸ್ಯಾಂಪಲ್ ಪೊಟ್ಟಣಗಳಿಗೆ ಒರಗಿಸಿ ನಿಲ್ಲಿಸಿದ್ದ. ಮೊದಲ ಅರ್ಧದಲ್ಲೇ ಜರ್ಮನಿಗೆ ಪೆನಾಲ್ಟಿ ಸಿಕ್ಕಿತು. ಚೆಂಡು ಬಲೆಗೆ ಬಿದ್ದಾಗ ನಾನು ಕೂಗುವ ಮೊದಲೇ ಕೂಗಿದ್ದು ಮಾಮ.

"ಹೊಡದ್ರು ನೋಡು!"

ಗೆಳೆಯ ಕಕ್ಕಾಬಿಕ್ಕಿ. "ಏನಯ್ಯಾ ನಿಂದು? ನೀನು ಸೋಲಾಕತ್ತಿ!"

"ಹೌದು, ಸೋಲಾಕತ್ತೀನಿ," ಎಂದ ಮಾಮ. ಅವನ ಮುಖ ನೋಡಬೇಕಿತ್ತು. "ನನಗೊಂದು ಕೆಲಸ ಬಿತ್ತಪಾ. ತಂಗಿ ಮನಿಗೆ ಊಟಕ್ಕ ಹೋಗಬೇಕು, ಏನು ಮಾಡ್ಲಿ, ಬಾಜಿ ಅಂದ್ರ ಬಾಜಿ." ನನ್ನ ಕಡೆ ತಿರುಗಿದ. "ನಿಮ್ಮವ್ವ ಪುಂಡಿಪಲ್ಯಕ್ಕ ಈಗೂ ಬಳ್ಳೊಳ್ಳಿ ಜಾಸ್ತಿ ಹಾಕ್ತಾಳೇನು? ನಮ್ಮವ್ವ ಹಾಕ್ತಿದ್ಲು ಹಂಗ?"

ವಿರಾಮದ ಹದಿನೈದು ನಿಮಿಷವೂ ಕೇಳುತ್ತಲೇ ಇದ್ದ. ಆಕಿಗೆ ಕನ್ನಡಕ ಬಂತಾ, ಸಕ್ಕರೆ ಕಾಯಿಲೆ ಏನಾದರೂ ಐತಾ, ಅಪ್ಪನ ಮುಂಗೋಪ ಕಡಿಮೆ ಆಯಿತಾ. ಐದು ವರ್ಷ ನನ್ನ ಕೈಲಿ ಸೀರೆ ಕಳಿಸಿದವನು ಆವರೆಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನಾನು ಗೆಲ್ಲುವ ಸಂಭ್ರಮದಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟೆ. ಇನ್ನೇನು, ನೀನೇ ಬಂದು ನೋಡುತ್ತೀಯಲ್ಲ ಎಂಬ ಧಿಮಾಕು.

ಆಮೇಲೆ ಜಪಾನ್ ಒಂದು ಹೊಡೆಯಿತು. ಎಂಟು ನಿಮಿಷದಲ್ಲಿ ಇನ್ನೊಂದು. ಕಡೆಯ ಸೀಟಿ ಊದಿದಾಗ ಗೆಳೆಯ ಮಾಮನ ಬೆನ್ನು ತಟ್ಟಿದ. ಮಾಮ ಫೋನ್ ಮಗುಚಿಟ್ಟು, ಸ್ಯಾಂಪಲ್ ಪೊಟ್ಟಣಗಳನ್ನು ಮತ್ತೆ ಸಾಲಾಗಿ ಜೋಡಿಸತೊಡಗಿದ.

"ಇನ್ನ ಎರಡು ಆಟ ಅದಾವ ಮಾಮ," ಎಂದೆ.

"ಅದಾವ ಅದಾವ," ಎಂದ.

ಎರಡನೆಯದು ಸ್ಪೇನ್ ಜೊತೆ ಸಮ. ಕಡೆಯ ಆಟಕ್ಕೆ ಬರುವ ಹೊತ್ತಿಗೆ ಲೆಕ್ಕ ಹೀಗಿತ್ತು: ಜರ್ಮನಿ ಕೋಸ್ಟರಿಕಾವನ್ನು ಸೋಲಿಸಬೇಕು, ಜೊತೆಗೆ ಸ್ಪೇನ್ ಜಪಾನಿಗೆ ಸೋಲಬಾರದು. ಆಟ ನಡುರಾತ್ರಿ ಕಳೆದ ಮೇಲಿತ್ತು, ಬೆಳಿಗ್ಗೆ ಎದ್ದು ಸುದ್ದಿ ನೋಡಿದೆ. ಜರ್ಮನಿ ನಾಲ್ಕು ಹೊಡೆದು ಗೆದ್ದಿತ್ತು, ಆದರೆ ಸ್ಪೇನ್ ಸೋತಿತ್ತು. ಗೆದ್ದೂ ಜರ್ಮನಿ ಹೊರಗೆ.

ಮುಖ ತೊಳೆಯದೆ ಅಂಗಡಿಗೆ ಓಡಿದೆ. ನನ್ನ ಹತ್ತಿರ ಒಂದು ವಾದವಿತ್ತು. ಜಪಾನಿನ ಎರಡನೇ ಗೋಲಿಗೆ ಮೊದಲು ಚೆಂಡು ಗೆರೆ ದಾಟಿ ಹೊರಗೆ ಹೋಗಿತ್ತೆಂದು ಅರ್ಧ ಪ್ರಪಂಚ ಕೂಗಾಡುತ್ತಿತ್ತು. ಆ ಗೋಲು ತೆಗೆದರೆ ಸ್ಪೇನ್ ಸೋಲುವುದಿಲ್ಲ, ಜರ್ಮನಿ ದಾಟುತ್ತದೆ, ಮಾಮ ನಮ್ಮ ಮನೆಗೆ ಬರುತ್ತಾನೆ.

"ಗೆರಿ ದಾಟಿತ್ತು ಮಾಮ! ಫೋಟೋದಾಗ ಚೆಂಡಿಗೂ ಗೆರಿಗೂ ನಡುವ ಹಸಿರು ಹುಲ್ಲು ಕಾಣ್ತೈತಿ."

ಮಾಮ ತನ್ನ ಫೋನನ್ನು ನನ್ನ ಕೈಗೆ ಕೊಟ್ಟ. ಅದರಲ್ಲಿ ಅದೇ ಕ್ಷಣದ ಚಿತ್ರ, ಮೇಲಿನಿಂದ ತೆಗೆದದ್ದು, ಇನ್ನು ಹಿಗ್ಗಲಾರದಷ್ಟು ಹಿಗ್ಗಿಸಿಟ್ಟಿದ್ದ. ಚೆಂಡಿನ ಅಂಚು ಕೂದಲೆಳೆಯಷ್ಟು ಬಿಳಿಯ ಗೆರೆಯ ಮೇಲಿತ್ತು.

"ಗೆರಿ ಮ್ಯಾಲೇ ಐತವ್ವಾ, ಪೂರಾ ದಾಟಿಲ್ಲ. ಬೆಳಕು ಹರದಾಗಿಂದ ನಾ ಇದನ್ನೇ ನೋಡಾಕತ್ತೀನಿ."

ಫೋನನ್ನು ಅವನ ಕೈಗೆ ವಾಪಸು ಕೊಟ್ಟೆ. ವಾದದ ದಾರಿ ಬಿಟ್ಟು ಬೇಡುವ ದಾರಿಗೆ ಬಂದೆ. "ಬಾಜಿ ಬಿಡು ಮಾಮ. ಅದು ಆಟ. ಸುಮ್ಮನೆ ಬಾ."

"ಕೈ ಕೊಟ್ಟೀನಲ್ಲ, ಸೋತ್ರ ಬರ್ತೀನಿ, ಗೆದ್ರ ಇಲ್ಲ ಅಂತ."

"ಬಾಜೀನೇ ಬ್ಯಾಡ ಅಂತ ನಾ ಅಂದ್ರ?"

"ನೀ ಬಿಡಬಹುದು. ನಾ ಹೆಂಗ ಬಿಡ್ಲಿ? ಮೂವತ್ತು ವರ್ಷ ಆತು, ಟವೆಲ್ಲಿನ ಕೆಳಗ ಕೊಟ್ಟ ಕೈ ಒಮ್ಮೀನೂ ತಿರುಗಿ ತಗೊಂಡಿಲ್ಲ. ಸೊಸಿ ಹತ್ರ ಇವತ್ತ ತಗೊಂಡ್ರ, ನಾಳೆ ಹೊಳಗುಂದದ ರೈತ ಹತ್ತಿ ತಂದು ಯಾವ ನಂಬಿಕಿ ಮ್ಯಾಲೆ ನನ್ನ ಕೈ ಹಿಡೀಬೇಕು?"

ಇದಕ್ಕೆ ಉತ್ತರವಿದೆ. ಸಾವಿರ ಸಲ ಮನಸ್ಸಿನಲ್ಲಿ ಬರೆದಿದ್ದೇನೆ. ವ್ಯಾಪಾರ ಬೇರೆ, ಬಾಜಿ ಬೇರೆ. ರೈತನಿಗೆ ಇದು ಗೊತ್ತೂ ಆಗುವುದಿಲ್ಲ. ಗೆದ್ದವನು ತನ್ನ ಗೆಲುವನ್ನು ಬಿಟ್ಟುಕೊಟ್ಟರೆ ಯಾರಿಗೂ ಮೋಸವಿಲ್ಲ. ಆ ನಿಯಮದ ಹಿಂದೆ ಮಾಮ ಅಡಗಿ ಕೂತನೇ, ತಂಗಿಯ ಎದುರು ನಿಲ್ಲಲು ಹೆದರಿದನೇ ಎಂಬ ಸಂಶಯವೂ ಇದೆ. ಆದರೆ ಆ ಚಿತ್ರವನ್ನು ಅಷ್ಟು ಹಿಗ್ಗಿಸಿ ನೋಡಿದವನನ್ನು ಏನೆಂದು ಅನುಮಾನಿಸಲಿ? ಅವತ್ತು ಅಂಗಡಿಯ ಮೆಟ್ಟಿಲು ಇಳಿದುಬಿಟ್ಟೆ. ತಪ್ಪು ನನ್ನದೇ ಎಂದು ಅಲ್ಲೇ ತಿಳಿದುಬಿಟ್ಟಿತ್ತು. ಐದು ವರ್ಷ ಅವನು "ಕರೆದರೆ ಬರುತ್ತೇನೆ" ಎಂದು ಕಾಯುತ್ತಿದ್ದ. ಬಾಗಿಲು ಬರೀ ಮುಚ್ಚಿತ್ತು ಅಷ್ಟೇ, ಅಗಳಿ ಹಾಕಿರಲಿಲ್ಲ. ಅಗಳಿ ಹಾಕಿದವಳು ನಾನು, ಜರ್ಮನಿಯನ್ನು ನಂಬಿ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು.

"ನನ್ನ ಕೇಳದನ ನನ್ನ ಮನಿ ಬಾಗಲಾ ಬಾಜಿಗಿಟ್ಟೇನ?"

"ಗೆಲ್ತೀನಿ ಅಂದುಕೊಂಡಿದ್ದೆ."

"ಎಲ್ಲಾರೂ ಹಂಗ ಅಂದುಕೋತಾರ." ರೊಟ್ಟಿ ತಿರುವಿ ಹಾಕಿದಳು. "ಅವ ಯಾರ ಕಡಿ ಇದ್ದ?"

"ಬಾಜಿ ಪ್ರಕಾರ ಜರ್ಮನಿ ವಿರುದ್ಧ. ಆದ್ರ ಜರ್ಮನಿ ಗೋಲು ಹೊಡದಾಗ ಕೂಗಿದ್ದು ಅವನೇ."

ಅವ್ವನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು. "ಏನಂತ ಕೂಗಿದ?"

ಹೇಳಿದೆ. ಪುಂಡಿಪಲ್ಯದ ಮಾತನ್ನೂ ಹೇಳಿದೆ. ಅಂದಿನಿಂದ ಅವ್ವ ಆ ಆಟದ ಮೊದಲ ಅರ್ಧವನ್ನು ನನ್ನಿಂದ ಎಷ್ಟು ಸಲ ಹೇಳಿಸಿದ್ದಾಳೋ. ಎರಡನೇ ಅರ್ಧ ಬೇಡ. ಜಪಾನ್ ಎಂಬ ದೇಶವೇ ಇಲ್ಲ ಅವಳ ಪಾಲಿಗೆ. "ನೀನೇ ಕರಿಯವ್ವಾ" ಎಂದರೆ, "ನಮ್ಮವ್ವನ ಮುಖ ಕಣ್ಣಿಗೆ ಬರ್ತೈತಿ, ನಾಲಿಗಿ ಹೊಳ್ಳಂಗಿಲ್ಲ" ಎನ್ನುತ್ತಾಳೆ. ಮಾಮನಿಗೆ ನಾನು ಏನೂ ಹೇಳುವಂತಿಲ್ಲ. ದೇವರು, ದೆವ್ವ, ಶಕುನ ಯಾವುದನ್ನೂ ನಂಬದವಳು ಟವೆಲ್ಲಿನ ಕೆಳಗೆ ಕೊಟ್ಟ ಒಂದು ಮಾತನ್ನು ಹಿಡಿದುಕೊಂಡು ಕೂತಿದ್ದೇನೆ. ನಾನು ಮುರಿದರೆ, ಅವನು ಅಂದು ಉಳಿಸಿಕೊಂಡದ್ದಕ್ಕೆ ಅರ್ಥವೇ ಇರುವುದಿಲ್ಲ.

ಈಗ ಮತ್ತೊಂದು ವಿಶ್ವಕಪ್ಪಿನ ಮಾತು. ಈ ಸಲ ನಲವತ್ತೆಂಟು ತಂಡ, ಹನ್ನೆರಡು ಗುಂಪು. ಮೊನ್ನೆ ಅಪ್ಪ ಪೇಪರಿನಿಂದ ಗುಂಪುಗಳನ್ನು ಗಟ್ಟಿಯಾಗಿ ಓದುತ್ತಿದ್ದಾಗ ಅವ್ವ ಮತ್ತೆ ಕೇಳಿದಳು. "ಅವತ್ತ ವಿರಾಮದಾಗ ಇನ್ನೇನು ಕೇಳಿದ? ಏನಾರ ಮರತಿಯೇನು ನೋಡು."

ಮರೆತಿರಲಿಲ್ಲ. ಒಂದನ್ನು ಮೂರು ವರ್ಷ ಹೇಳದೆ ಇಟ್ಟುಕೊಂಡಿದ್ದೆ, ನಾನು ಕೊಟ್ಟ ಉತ್ತರಕ್ಕೆ ನಾಚಿ.

"ನಮ್ಮ ಮನಿ ಮಾಳಿಗಿ ಮ್ಯಾಲಂತ, ಮೆಟ್ಟಲಾ ಎಷ್ಟದಾವ ಅಂತ ಕೇಳಿದ. ಮೊಳಕಾಲು ನೋಯ್ತಾವಂತ."

"ನೀ ಏನಂದಿ?"

"ಬಂದಾಗ ನೀನೇ ಎಣಿಸು ಮಾಮ ಅಂದೆ."

ಅವ್ವ ಬೈಯಲಿಲ್ಲ. ಎದ್ದು ಬಾಗಿಲ ತನಕ ಹೋಗಿ ಕೆಳಗೆ ನೋಡಿದಳು. "ಹದಿನಾಲ್ಕು," ಎಂದಳು. "ಏಳಕ್ಕ ಒಂದು ತಿರುವು ಐತಿ. ಅಲ್ಲಿ ಕೂತು ಬರಬಹುದು."

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಇಳಿಯುವಾಗ ಆ ತಿರುವಿನಲ್ಲಿ ನಮ್ಮ ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿ ಇತ್ತು. ದಾರಿಗೆ ಅಡ್ಡ ಎಂದು ಕೆಳಗಿನ ಮನೆಯವರು ಎರಡು ಸಲ ಎತ್ತಿ ಮೇಲೆ ತಂದಿಟ್ಟಿದ್ದಾರೆ. ಅವ್ವ ಎರಡು ಸಲವೂ ಒಯ್ದು ಅಲ್ಲೇ ಹಾಕಿದ್ದಾಳೆ. ನಾನು ಬ್ಯಾಗನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ದಾಟಿಕೊಳ್ಳುತ್ತೇನೆ.