ಮೂರನೆಯ ಕಟ್ಟಿಗೆ ಮುಂಚೆ

ಅರವತ್ತನೆಯ ಇಸವಿಯ ಆಸುಪಾಸು. ಯಲಹಂಕ ಇನ್ನೂ ಊರಾಗಿಯೇ ಇತ್ತು. ನಮ್ಮ ಮಾವನವರು ಹೊಲಕ್ಕೆ ನೀರೆತ್ತುವ ಕಪಿಲೆ ಬಾವಿಯ ಹತ್ತಿರ ಎತ್ತುಗಳನ್ನು ಹಿಂದಕ್ಕೆ ನಡೆಸುವಾಗ ಜಾರಿ ಬಿದ್ದು, ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡರು. ಬಾಗಲೂರಿನಿಂದ ಮೂಳೆ ಕಟ್ಟುವ ಸಾಹೇಬರನ್ನು ಗಾಡಿಯಲ್ಲಿ ಕರೆತಂದೆವು. ಅವರು ಮೊಟ್ಟೆಯ ಬಿಳಿ ಕಲಸಿದ ಉದ್ದಿನ ಹಿಟ್ಟು ಮೆತ್ತಿ, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಬಟ್ಟೆ ಸುತ್ತಿದರು. "ಹದಿನೈದ್ ದಿವ್ಸಕ್ಕೊಂದು ಕಟ್ಟು. ಮೂರು ಕಟ್ಟು ಮುಗಿಯೋಗಂಟ ಕಾಲು ನೆಲಕ್ಕೆ ತಾಗಂಗಿಲ್ಲ. ಆಮೇಲೆ ಎತ್ತಿನ ಹಿಂದೆ ಓಡಿಸ್ತೀನಿ ನಿಮ್ಮನ್ನ" ಎಂದು ನಗಿಸಿ ಹೋದರು.

ನೋಡಿಕೊಳ್ಳಬೇಕಾದವಳು ನಾನು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ನನ್ನ ಗಂಡ ಬೆಳಗಿನ ರೈಲಿಗೆ ಯಶವಂತಪುರದ ಕಡೆ ಕಾರ್ಖಾನೆಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಆದರೆ ನಮ್ಮಲ್ಲಿ ಸೊಸೆ ಮಾವನ ಎದುರು ನಿಲ್ಲುವ ಹಾಗಿರಲಿಲ್ಲ, ಮುಟ್ಟುವುದಂತೂ ದೂರದ ಮಾತು. ಮದುವೆಯಾಗಿ ಎಂಟು ವರ್ಷವಾದರೂ ಅವರ ಮುಖವನ್ನು ನೆಟ್ಟಗೆ ನೋಡಿದವಳಲ್ಲ ನಾನು. ಅವರು ಮಲಗಿದ್ದ ಪಡಸಾಲೆಯಲ್ಲಿ ಮುದ್ದೆ, ಸಾರು, ಒಂದು ಚೊಂಬು ನೀರು ಇಟ್ಟು, ಬಳೆ ಸದ್ದು ಮಾಡಿ ಒಳಗೆ ಬಂದುಬಿಡುತ್ತಿದ್ದೆ. ಮೂಲೆಯಲ್ಲಿ ಒಂದು ಮಡಕೆ ಇತ್ತು. ಅದರ ಮೇಲೆ ಕೂರಿಸುವುದು, ತೊಳೆಯುವುದು ಎಲ್ಲ ನನ್ನ ಗಂಡನ ಕೆಲಸ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ.

ಸಂಜೆ ನೋಡಿದರೆ ಚೊಂಬು ತುಂಬಿದ ಹಾಗೇ ಇರುತ್ತಿತ್ತು. ಮುದ್ದೆಯಲ್ಲಿ ಒಂದೆರಡು ತುತ್ತು ಮುರಿದಿದ್ದರೆ ಹೆಚ್ಚು. ವಯಸ್ಸಾದವರು, ಮಲಗಿದಲ್ಲೇ ಹಸಿವೆಲ್ಲಿಂದ ಬರಬೇಕು ಎಂದುಕೊಂಡು ನೀರನ್ನು ಅವರೆ ಗಿಡಕ್ಕೆ ಚೆಲ್ಲುತ್ತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಬಾವಿಕಟ್ಟೆಯಲ್ಲಿ ಜಂಬ ಬೇರೆ: "ನಮ್ ಮಾವ ಒಂದಿನಾನೂ ತೊಂದ್ರೆ ಕೊಟ್ಟಿಲ್ಲ ಕಣಕ್ಕ, ಮಗೀಗಿಂತ ಸಲೀಸು." ಸಂಜೆ ಮಗ ಬರುವವರೆಗೆ ಮಡಕೆಯ ಅಗತ್ಯ ಬೀಳಬಾರದೆಂದು ಆ ಜೀವ ಬಾಯಿ ಒಣಗಿಸಿಕೊಂಡು ಮಲಗಿತ್ತು. ನನಗೆ ಅದು ಹೊಳೆಯಲೇ ಇಲ್ಲ.

ಎರಡನೆಯ ಕಟ್ಟು ಹಾಕಿ ಒಂದು ವಾರವಾಗಿತ್ತು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ದೊಪ್ಪನೆ ಸದ್ದಾಯಿತು. ಓಡಿದೆ. ಹೊಟ್ಟೆ ಕೆಟ್ಟು, ತಡೆಯಲಾರದೆ, ತಾವೇ ಮಡಕೆಯ ಕಡೆ ಹೊರಟು ಬಿದ್ದಿದ್ದರು.

"ಬರ್ಬೇಡ ಕಣವ್ವ, ಪಂಚೆ ಗಲೀಜಾಗೈತೆ. ಯಾರಾನ ಗಂಡಸರ್ನ ಕರ್ಕೊಂಡ್ ಬಾ, ಓಗು" ಎಂದರು.

ನಾನು ಹೋದೆ! ಸೆರಗು ಹೊದ್ದು ಬೀದಿಯುದ್ದಕ್ಕೂ ಅಲೆದೆ. ಗಂಡಸರೆಲ್ಲ ಹೊಲದಲ್ಲಿದ್ದರು. ಒಬ್ಬಳೇ ವಾಪಸು ಬಂದಾಗ ಅವರು ಕಂಬ ಹಿಡಿದು ಏಳಲು ಹೋಗಿ ಮತ್ತೆ ಬಿದ್ದಿದ್ದರು. ದಬ್ಬೆ ಸರಿದು ಕಾಲು ಪಕ್ಕಕ್ಕೆ ತಿರುಗಿತ್ತು. ಆಗ ಮಾವ ಸೊಸೆ ಎಂಬುದೆಲ್ಲ ಮರೆತುಹೋಯಿತು. ಕಂಕುಳಿಗೆ ಕೈ ಹಾಕಿ ಎತ್ತಿದೆ. ಎಷ್ಟು ಹಗುರವಾಗಿಬಿಟ್ಟಿದ್ದರು! ತೊಳೆದೆ, ಬೇರೆ ಪಂಚೆ ಉಡಿಸಿದೆ. ಅವರು ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದರು. ನನಗೂ ಅಳು, ಅದಕ್ಕಿಂತ ಹೆಚ್ಚಾಗಿ ಸಿಟ್ಟು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಸಾಹೇಬರು ಬಂದು ಕಟ್ಟು ಬಿಚ್ಚಿ ತುಂಬ ಹೊತ್ತು ಸವರಿ ನೋಡಿದರು. "ಕೂಡ್ಕೊಂತಿದ್ದ ಮೂಳೆ ಬಿಟ್ಕೊಂಡೈತೆ. ಮೈಯಲ್ಲಿ ಕಸುವೂ ಇಲ್ಲ. ಇನ್ನು ನನ್ ಕೈಲಾಗಲ್ಲ" ಎಂದರು. ಆಸ್ಪತ್ರೆಗೂ ಹೋಗಿ ಬಂದೆವು. ಅಲ್ಲಿಯೂ ಅದೇ ಮಾತು. ಮಾವ ಮತ್ತೆ ನಡೆಯಲಿಲ್ಲ.

ಅವತ್ತಿನಿಂದ ಎಲ್ಲ ನಾನೇ ಮಾಡಿದೆ. ಅವರು ಮುಖದ ಮೇಲೆ ಟವಲು ಹಾಕಿಕೊಳ್ಳುತ್ತಿದ್ದರು, ನಾನು ಕೆಲಸ ಮುಗಿಸುತ್ತಿದ್ದೆ. ಅವರು ಹೋದಾಗ ಚಿಕ್ಕಜಾಲದಿಂದ ಬಂದ ನೆಂಟರು, "ಇಂಥ ಸೊಸೆ ಯಾರಿಗುಂಟು, ಮೂರು ವರ್ಷ ಕೈಯಾರೆ ಮಾಡಿದ್ಲು" ಎಂದು ಹೊಗಳಿದರು. ಕೇಳಲಾಗದೆ ಎದ್ದು ಒಳಗೆ ಹೋದೆ. ಮೂರು ವರ್ಷ ಮಾಡಿದ್ದನ್ನು ಮೊದಲ ಒಂದೂವರೆ ತಿಂಗಳು ಮಾಡಿದ್ದರೆ ಸಾಕಿತ್ತು.