ಜೈನಾಬಿ ಅಮ್ಮ ಕಟ್ಟುತ್ತಿದ್ದ ದಾರ

ಜೈನಾಬಿ ಅಮ್ಮನ ಬಲಗೈ ಕಿರುಬೆರಳಿಗೆ ಮಾತ್ರ ಉದ್ದನೆಯ ಉಗುರಿತ್ತು. ಉಳಿದ ಒಂಬತ್ತೂ ಪಾತ್ರೆ ತಿಕ್ಕಿ ತಿಕ್ಕಿ ಸವೆದಿದ್ದವು. ಆ ಒಂದನ್ನು ರೇಡಿಯೋ ಕೆಲಸಕ್ಕೆಂದೇ ಬೆಳೆಸಿದ್ದರು. ಸ್ಟೇಷನ್ ತೋರಿಸುವ ಮುಳ್ಳನ್ನು ಎಳೆಯುವ ಡಯಲ್ ದಾರದ ತುದಿಯ ಪುಟ್ಟ ಸ್ಪ್ರಿಂಗನ್ನು ಅದರಲ್ಲೇ ಎಳೆದು ಸಿಕ್ಕಿಸುತ್ತಿದ್ದರು.

ನ್ಯಾಮತಿ ಬಸ್ ನಿಲ್ದಾಣದ ಹಿಂದೆ ಅವರ ಗಂಡ ಖಾದರ್ ಸಾಹೇಬರ ರಿಪೇರಿ ಅಂಗಡಿ. ಕೈ ನಡುಗುವ ಕಾಯಿಲೆ ಬಂದು ಸಾಹೇಬರಿಗೆ ಚಹಾದ ಲೋಟ ಹಿಡಿಯುವುದೂ ಕಷ್ಟವಾದಾಗ, ಜೈನಾಬಿ ಅಮ್ಮ ಅಡುಗೆಮನೆಯಿಂದ ಬಂದು ಸ್ಟೂಲಿನ ಮೇಲೆ ಕೂತರು. ಸಾಹೇಬರು ಪಕ್ಕದಲ್ಲಿ ಕೂತು ಹೇಳುವರು, ಇವರು ಮಾಡುವರು.

ಸವಳಂಗದಲ್ಲಿದ್ದ ನನ್ನ ತಾಯಿಗೆ ಕಣ್ಣು ಮಂಜಾಗಿ, ಹಳೆಯ ರೇಡಿಯೋ ಒಂದೇ ಜೊತೆಯಾಗಿತ್ತು. ಒಂದು ದಿನ ತಿರುಪು ತಿರುಗಿಸಿದರೂ ಮುಳ್ಳು ಕದಲಲಿಲ್ಲ. ನಾನು ಪಾಠ ಮಾಡುವ ನ್ಯಾಮತಿಯ ಶಾಲೆಗೆ ಬರುವಾಗ ಹೊತ್ತು ತಂದೆ.

“ದಾರ ಹರಿದೈತೆ ಟೀಚರಮ್ಮ, ಬೇರೇನಿಲ್ಲ. ಕೂತ್ಕೊಳ್ರಿ” ಎಂದರು ಸಾಹೇಬರು. ಹೆಂಡತಿಯತ್ತ ತಿರುಗಿ, “ದೊಡ್ಡ ಗಾಲಿಯಿಂದ ತಗಾ. ಈಗ ತಿರುಪಿನ ಕಡ್ಡಿಗೆ ಮೂರು ಸುತ್ತು. ಮೇಲಿಂದ ಅಲ್ಲ, ಕೆಳಗಿಂದ. ಬಿಗಿ ಹಿಡಿ.”

ಮುಳ್ಳು ಸರಿಯಿತು, ವಾರ್ತೆ ಕೇಳಿಸಿತು. ನಾನು ಹೊಗಳಿದೆ.

“ಕೈ ಅಷ್ಟೇ ನಂದು. ತಲೆ ಎಲ್ಲಾ ಇವ್ರದ್ದು ರೀ” ಎಂದು ಜೈನಾಬಿ ಅಮ್ಮ ನಕ್ಕರು. ಸಾಹೇಬರು ಮಡಿಲಲ್ಲಿ ನಡುಗುತ್ತಿದ್ದ ತಮ್ಮ ಕೈಗಳನ್ನು ನೋಡಿಕೊಂಡರು.

ಒಮ್ಮೆ ಸಾಹೇಬರು ಒಂದು ವಾರ ಆಸ್ಪತ್ರೆ ಸೇರಿದ್ದರು. ಹೊನ್ನಾಳಿಯಿಂದ ದಾರ ಹರಿದ ರೇಡಿಯೋ ತಂದವರೊಬ್ಬರು, “ಎಷ್ಟು ಸಲ ಕಟ್ಟಿಲ್ಲ ನೀವು? ಕಟ್ಟಿ ಕೊಟ್ಬಿಡ್ರಿ” ಎಂದು ಒತ್ತಾಯಿಸಿದರು. “ಅವ್ರು ಬರ್ಲಿ, ತಡೀರಿ” ಎಂದು ಇವರು ರೇಡಿಯೋದ ಡಬ್ಬಿಯನ್ನೇ ಬಿಚ್ಚಲಿಲ್ಲ. ಗಂಡನ ಮೇಲಿನ ಗೌರವ ಎಂದುಕೊಂಡಿದ್ದೆ ನಾನು.

ಕಳೆದ ವರ್ಷ ಸಾಹೇಬರು ತೀರಿಕೊಂಡರು. ಐದು ತಿಂಗಳಾದ ಮೇಲೆ ನನ್ನ ತಾಯಿಯ ರೇಡಿಯೋದ ದಾರ ಮತ್ತೆ ಹರಿಯಿತು. ಜೈನಾಬಿ ಅಮ್ಮ ಬೆಳಗಿನ ಹೊತ್ತು ಅಂಗಡಿ ತೆರೆಯುತ್ತಿದ್ದಾರೆಂದು ತಿಳಿದು ಒಯ್ದೆ.

ಗಾಲಿ ಒರೆಸಿದರು, ಹೊಸ ದಾರ ಹಾಕಿದರು. ಕಡ್ಡಿಯ ಹತ್ತಿರ ಬಂದಾಗ ಕೈ ನಿಂತಿತು. ಖಾಲಿ ಕುರ್ಚಿಯ ಕಡೆ ತಲೆ ಸ್ವಲ್ಪ ವಾಲಿಸಿದರು. ಆಮೇಲೆ ತಾವೇ ಸುತ್ತಿದರು. ತಿರುಪನ್ನು ಬಲಕ್ಕೆ ತಿರುಗಿಸಿದರೆ ಮುಳ್ಳು ಎಡಕ್ಕೆ ಓಡಿತು.

“ಉಲ್ಟಾ ಆತು” ಎಂದರು. ಬಿಚ್ಚಿ ಇನ್ನೆರಡು ಸಲ ಸುತ್ತಿದರು; ಒಮ್ಮೆ ದಾರ ಜಾರಿತು, ಇನ್ನೊಮ್ಮೆ ಮತ್ತೆ ಉಲ್ಟಾ. “ಅವ್ರು ಹೇಳ್ತಿದ್ರು, ನಾ ಮಾಡ್ತಿದ್ದೆ. ಪಕ್ಕದಾಗೇ ಇದ್ರಲ್ಲ, ನೆನಪಿಟ್ಕೊಳ್ಳಾಕೆ ಹೋಗ್ಲೇ ಇಲ್ಲ ಟೀಚರಮ್ಮ.” ಸಾಹೇಬರನ್ನು ಮಣ್ಣು ಮಾಡಿದ ದಿನ ಬಂದವರೆದುರು ಅಳದಿದ್ದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

“ಹಂಗೇ ಇರ್ಲಿ ಬಿಡಿ ಅಮ್ಮ. ನಮ್ಮಮ್ಮಂಗೆ ಮುಳ್ಳು ಕಾಣಲ್ಲ, ಸ್ಟೇಷನ್ ಬಂದ್ರೆ ಸಾಕು” ಎಂದೆ.

“ಬ್ಯಾಡ್ರಿ. ತಪ್ಪು ಕಟ್ಟಿ ಕಳ್ಸಿದ್ರೆ ಅವ್ರ ಹೆಸರು ಕೆಡ್ತೈತೆ.” ದಾರ ಬಿಚ್ಚಿ, ರೇಡಿಯೋವನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. “ಅಂಗಡಿ ಮುಚ್ಚಿತ್ತು ಅನ್ರಿ ನಿಮ್ಮಮ್ಮಂಗೆ.”

ಹಾಗೇ ಹೇಳಿದೆ. ಮರುವಾರ ನೋಡಿಬರಲು ಹೋದಾಗ ಅಂಗಡಿಯ ಬಾಗಿಲಿಗೆ ಬೀಗವಿತ್ತು. ಮಗಳು ಬಂದು ಜಗಳೂರಿಗೆ ಕರೆದುಕೊಂಡು ಹೋದಳು ಎಂದರು ಪಕ್ಕದವರು.